ಸಿಜಿಲ್‌ನಲ್ಲಿ ಕನ್ನಡ ಇ-ಪುಸ್ತಕ: ಪೇಜ್‌ಮೇಕರ್ ಫೈಲಿನಿಂದ ಇಪಬ್‌ವರೆಗೆ

ಚಾಮರಾಜಪೇಟೆ, ಗಾಂಧಿನಗರ, ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ ಡಿಟಿಪಿ ಮಾಡಿಸಿ ಅಚ್ಚಾದ ಕನ್ನಡ ಪುಸ್ತಕಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಬಹುಪಾಲು ಇಂದಿಗೂ ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಫೈಲುಗಳಾಗಿ, ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಯಾವುದೋ ಹಾರ್ಡ್ ಡಿಸ್ಕಿನೊಳಗೆ ಕುಳಿತಿವೆ. ಅವನ್ನು ಫೋನಿನಲ್ಲಿ ಓದುವಂತೆ ಮಾಡಲು ಪಿಡಿಎಫ್ ಸಾಲದು. ಐದೂವರೆ ಇಂಚಿನ ಪುಟ ಮೆಟ್ರೊದಲ್ಲಿ ನಿಂತು ಓದುವವರ ಅಂಗೈಯೊಳಗಿನ ಪರದೆಗೆ ಹೊಂದುವುದಿಲ್ಲ, ಅಕ್ಷರ ದೊಡ್ಡದು ಮಾಡಿದರೆ ಸಾಲು ಹೊರಗೆ ಹೋಗುತ್ತದೆ. ಬೇಕಾದದ್ದು ಇಪಬ್, ಅಂದರೆ ಪರದೆಯ ಅಗಲಕ್ಕೆ ತಕ್ಕಂತೆ ಸಾಲುಗಳು ತಾವೇ ಹೊಂದಿಕೊಳ್ಳುವ ಇ-ಪುಸ್ತಕದ ಫೈಲು. ಅದನ್ನು ಸಿದ್ಧಪಡಿಸಲು ದುಡ್ಡು ಕೊಡದೆ ಸಿಗುವ ಒಳ್ಳೆಯ ಸಾಧನ ಸಿಜಿಲ್.

ಸಿಜಿಲ್ ಸ್ವತಂತ್ರ ತಂತ್ರಾಂಶ, ಪರವಾನಗಿ ಜಿಪಿಎಲ್‌ನ 3ನೇ ಆವೃತ್ತಿ. 2009ರಲ್ಲಿ ಶುರುವಾಯಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಕನ್ನಡದ ಮಟ್ಟಿಗೆ ಇದರ ದೊಡ್ಡ ಗುಣ ಒಂದೇ: ಪುಸ್ತಕದೊಳಗಿನ ಪ್ರತಿ ಅಕ್ಷರ, ಪ್ರತಿ ಟ್ಯಾಗ್ (ಇದು ಶೀರ್ಷಿಕೆ, ಇದು ಪ್ಯಾರಾ ಎಂದು ಹೇಳುವ ಗುರುತು) ಕಣ್ಣಿಗೆ ಕಾಣುತ್ತದೆ. ಕನ್ನಡ ಇ-ಪುಸ್ತಕ ಕೆಡುವುದು ವಿನ್ಯಾಸದಿಂದಲ್ಲ, ಪಠ್ಯದೊಳಗೆ ಅಡಗಿರುವ ತಪ್ಪು ಅಕ್ಷರಗಳಿಂದ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಪಠ್ಯ ಶುದ್ಧಿಗೆ ಹೆಚ್ಚು ಜಾಗ ಕೊಟ್ಟಿದೆ.

ಯಾವ ಆವೃತ್ತಿ, ಏನು ಬದಲಾಗಿದೆ

ಹಳೆಯ ಸಿಜಿಲ್ ಬಳಸಿ ಬಿಟ್ಟವರು ಈಗ ತೆರೆದರೆ ಗುರುತು ಹತ್ತುವುದಿಲ್ಲ. 2014ರ 0.8 ಆವೃತ್ತಿಯಲ್ಲಿ ಪ್ಲಗಿನ್, ಅಂದರೆ ಹೊಸ ಸೌಲಭ್ಯ ಕೂಡಿಸುವ ಪುಟ್ಟ ತಂತ್ರಾಂಶಗಳ ವ್ಯವಸ್ಥೆ ಬಂತು. 2019ರಲ್ಲಿ 1.0 ಬರುವ ಹೊತ್ತಿಗೆ, ವರ್ಡ್‌ನಂತೆ ನೇರ ಟೈಪ್ ಮಾಡಬಹುದಾಗಿದ್ದ ಬುಕ್ ವ್ಯೂ ಹೋಗಿ, ಆ ಕೆಲಸಕ್ಕೆ ಪೇಜ್‌ಎಡಿಟ್ ಎಂಬ ಬೇರೆ ತಂತ್ರಾಂಶ ಬಂತು. ಹಲವರಿಗೆ ಇದು ಬೇಸರ ತರಿಸಿತು, ಆದರೆ ನಿರ್ಧಾರ ಸರಿಯಾದದ್ದೇ. ಬುಕ್ ವ್ಯೂನಲ್ಲಿ ಕೈಯಾಡಿಸಿದಷ್ಟೂ ಒಳಗಿನ ಕೋಡ್ ಹದಗೆಡುತ್ತಿತ್ತು. ಈಗ ಕೋಡ್ ವ್ಯೂನಲ್ಲಿ ತಿದ್ದಬೇಕು, ಪಕ್ಕದ ಪ್ರಿವ್ಯೂನಲ್ಲಿ ನೋಡಬೇಕು. ಪ್ರಿವ್ಯೂ ಕಾಣದಿದ್ದರೆ ಎಫ್10 ಒತ್ತಿ. 1.0ರ ಇನ್ನೊಂದು ಸುಧಾರಣೆಯೆಂದರೆ, ಬೇರೆಯವರು ಮಾಡಿದ ಇಪಬ್ ತೆರೆದಾಗ ಅದರ ಫೋಲ್ಡರ್ ರಚನೆಯನ್ನು ಸಿಜಿಲ್ ತನ್ನಿಷ್ಟದಂತೆ ಬದಲಿಸುವುದಿಲ್ಲ.

2023ರಲ್ಲಿ ಬಂದ 2.0, ಸಿಜಿಲ್‌ಗೆ ಅಡಿಪಾಯವಾಗಿರುವ ಕ್ಯೂಟಿ ಎಂಬ ತಂತ್ರಾಂಶ ಚೌಕಟ್ಟಿನ 6ನೇ ಪೀಳಿಗೆಗೆ ಹೊರಳಿತು. ಹಾಗಾಗಿ ವಿಂಡೋಸ್ 7 ಮತ್ತು 8ರಲ್ಲಿ ಅದು ನಡೆಯುವುದಿಲ್ಲ, ವಿಂಡೋಸ್ 10 ಅಥವಾ 11 ಬೇಕು. ಪೇಜ್‌ಮೇಕರ್‌ಗಾಗಿಯೇ ವಿಂಡೋಸ್ 7ರ ಕಂಪ್ಯೂಟರ್ ಉಳಿಸಿಕೊಂಡಿರುವ ಡಿಟಿಪಿ ಕೇಂದ್ರಗಳಿವೆ. ಅಂಥಲ್ಲಿ ಪಠ್ಯವನ್ನು ಮಾತ್ರ ಅದರಿಂದ ಹೊರತೆಗೆದು, ಇಪಬ್ ಕೆಲಸವನ್ನು ಹೊಸ ಯಂತ್ರದಲ್ಲಿ ಮಾಡುವುದು ಒಳ್ಳೆಯದು.

ಇಳಿಸಿಕೊಳ್ಳಬೇಕಾದದ್ದು ಗಿಟ್‌ಹಬ್‌ನಲ್ಲಿರುವ ಸಿಜಿಲ್‌ನ ಅಧಿಕೃತ ಬಿಡುಗಡೆ ಪುಟದಿಂದ ಮಾತ್ರ. ಬೇರೆ ಡೌನ್‌ಲೋಡ್ ತಾಣಗಳಲ್ಲಿ ಹಳೆಯದು ಸಿಗುತ್ತದೆ, ಜೊತೆಗೆ ಬೇಡದ್ದೂ ಬರುತ್ತದೆ. ವಿಂಡೋಸ್ ಮತ್ತು ಮ್ಯಾಕ್ ಕಟ್ಟಿನಲ್ಲಿ ಪೈಥಾನ್ ಒಳಗೇ ಇರುವುದರಿಂದ ಪ್ಲಗಿನ್‌ಗಳಿಗೆ ಬೇರೇನೂ ಹಾಕಬೇಕಿಲ್ಲ. ಉಬುಂಟು ಭಂಡಾರದಲ್ಲಿರುವ ಸಿಜಿಲ್ ಸಾಮಾನ್ಯವಾಗಿ ಹಿಂದುಳಿದಿರುತ್ತದೆ, ಅದರ ಬದಲು ಫ್ಲಾಟ್‌ಪ್ಯಾಕ್ ನೋಡಿ. ಒಂದು ಪುಸ್ತಕದ ನಡುವೆ ಆವೃತ್ತಿ ಬದಲಿಸಬೇಡಿ, ಕೈಲಿರುವುದನ್ನು ಮುಗಿಸಿ ಆಮೇಲೆ ಹೊಸದನ್ನು ಹಾಕಿ.

ಹಾಕಿದ ಕೂಡಲೇ ಎಫ್5 ಒತ್ತಿ ಪ್ರಿಫರೆನ್ಸಸ್ ತೆರೆಯಿರಿ. ಹೊಸ ಪುಸ್ತಕ ಇಪಬ್ 3 ಆಗಿರಲಿ ಎಂದು ಆರಿಸಿ. ಮೆಟಾಡೇಟಾದ, ಅಂದರೆ ಪುಸ್ತಕದ ಬಗೆಗಿನ ವಿವರಗಳ, ಮೂಲ ಭಾಷೆ ಕನ್ನಡ ಮಾಡಿ. ಅಪಿಯರೆನ್ಸ್ ವಿಭಾಗದಲ್ಲಿ ಕೋಡ್ ವ್ಯೂ ಫಾಂಟನ್ನು ಕನ್ನಡ ಚೆನ್ನಾಗಿ ಕಾಣುವಂಥದ್ದಕ್ಕೆ ಬದಲಿಸಿ ಗಾತ್ರ ತುಸು ಹೆಚ್ಚಿಸಿ. ಈ ಕೊನೆಯದು ಚಿಕ್ಕ ಕೆಲಸವಾದರೂ ಬಿಡಬೇಡಿ. ಮೊದಲಿಗಿರುವ ಗಾತ್ರದಲ್ಲಿ ಒತ್ತಕ್ಷರಗಳು ಒಂದರ ಮೇಲೊಂದು ಕೂತು ‘ತ್ತ’ ಯಾವುದು ‘ತ್ಥ’ ಯಾವುದು ಎಂದು ತಿಳಿಯದೆ ಕಣ್ಣು ಸೋಲುತ್ತದೆ.

ಪಠ್ಯವನ್ನು ಯೂನಿಕೋಡಿಗೆ ತರುವುದು

ಪೇಜ್‌ಮೇಕರ್‌ನಿಂದ ಪಠ್ಯವನ್ನು ಆರ್‌ಟಿಎಫ್ ಆಗಿ ಹೊರತೆಗೆಯಿರಿ. ಪ್ರತಿ ಅಧ್ಯಾಯದ ಪಠ್ಯಸರಣಿಯಲ್ಲಿ ಒಮ್ಮೆ ಕ್ಲಿಕ್ ಮಾಡಿ, ಎಲ್ಲವನ್ನೂ ಆರಿಸಿ ಎಕ್ಸ್‌ಪೋರ್ಟ್ ಮಾಡಬೇಕು. ಪುಟದ ತಲೆಬರಹ ಮತ್ತು ಪುಟಸಂಖ್ಯೆ ಮಾಸ್ಟರ್ ಪುಟದಲ್ಲಿದ್ದರೆ ಜೊತೆಗೆ ಬರುವುದಿಲ್ಲ, ಅದು ನಮಗೆ ಅನುಕೂಲವೇ. ಆದರೆ ಬೇರೆ ಚೌಕಟ್ಟಿನಲ್ಲಿ ಇಟ್ಟ ಅಡಿಟಿಪ್ಪಣಿ ಮತ್ತು ಚಿತ್ರದ ಕೆಳಗಿನ ಬರಹ ಕೂಡ ಬರುವುದಿಲ್ಲ. ಅವನ್ನು ಒಂದೊಂದಾಗಿ ಹೆಕ್ಕಿಕೊಳ್ಳಬೇಕು. ಅಚ್ಚಾದ ಪ್ರತಿ ಪಕ್ಕದಲ್ಲಿರಲಿ.

ಈಗ ಸಿಕ್ಕಿರುವುದು ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್ ಅಲ್ಲ, ಹಾಗಾಗಿ ನಿಜವಾದ ಕನ್ನಡವಲ್ಲ. ನುಡಿಯ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿದೆ, ಫಾಂಟ್ ತೆಗೆದರೆ ಅಲ್ಲಿರುವುದು ಬರೀ ಲ್ಯಾಟಿನ್ ಅಕ್ಷರಗಳ ಗೊಂದಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿಯೇ ಪರಿವರ್ತಕವಿದೆ, ಬರಹದಲ್ಲೂ ಇದೆ. ಪರಿವರ್ತಕ ಆರಿಸುವಾಗ ಮೂಲ ಫಾಂಟ್ ಯಾವ ಕುಟುಂಬದ್ದು ಎಂದು ಖಚಿತಪಡಿಸಿಕೊಳ್ಳಿ. ಶ್ರೀಲಿಪಿಯ ಪಠ್ಯವನ್ನು ನುಡಿಯ ಪರಿವರ್ತಕಕ್ಕೆ ಹಾಕಿದರೆ ಅರ್ಧ ಸರಿ ಅರ್ಧ ತಪ್ಪು ಬರುತ್ತದೆ. ಪೂರ್ತಿ ತಪ್ಪಿಗಿಂತ ಅದು ಅಪಾಯ, ಏಕೆಂದರೆ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಮೂಲದಲ್ಲಿ ನಡುನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡದ ಆಕಾರಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿಸುತ್ತದೆ. ಪರಿವರ್ತನೆಗೆ ಮೊದಲೇ ವರ್ಡ್ ಅಥವಾ ಲಿಬ್ರೆಆಫೀಸ್‌ನಲ್ಲಿ ಫಾಂಟ್ ಹಿಡಿದು ಹುಡುಕಿ, ಇಂಗ್ಲಿಷ್ ಫಾಂಟಿನಲ್ಲಿರುವ ತುಣುಕುಗಳನ್ನು ಬೇರೆ ಪಟ್ಟಿಗೆ ತೆಗೆದು, ಅವುಗಳ ಜಾಗದಲ್ಲಿ ಸಂಖ್ಯೆಯಿರುವ ಗುರುತು ಇಡಿ. ಪರಿವರ್ತನೆಯಾದ ಮೇಲೆ ಆ ಗುರುತುಗಳಿಗೆ ಪದಗಳನ್ನು ಮರಳಿ ಹಾಕಿ.

ಹೀಗೆ ಸಿಕ್ಕ ಪಠ್ಯವನ್ನು ಡಾಕ್ಸ್ ಫೈಲಾಗಿ ಉಳಿಸಿ. ಅಧ್ಯಾಯದ ಹೆಸರುಗಳಿಗೆ ಹೆಡಿಂಗ್ 1, ಉಪಶೀರ್ಷಿಕೆಗಳಿಗೆ ಹೆಡಿಂಗ್ 2 ಶೈಲಿ ಕೊಡಿ. ಅಕ್ಷರ ದಪ್ಪ ಮಾಡಿ ನಡುವಿಗೆ ತಂದರೆ ಸಾಲದು, ಶೈಲಿಯನ್ನೇ ಹಾಕಬೇಕು. ಮುಂದಿನ ಪರಿವಿಡಿ ಇದರ ಮೇಲೆ ನಿಂತಿದೆ.

ಸಿಜಿಲ್‌ಗೆ ಆಮದು

ಡಾಕ್ಸ್‌ಇಂಪೋರ್ಟ್ ಎಂಬ ಪ್ಲಗಿನ್ ಇದೆ. ಅದರ ಜಿಪ್ ಫೈಲನ್ನು ಬಿಚ್ಚದೆ ಇಳಿಸಿಕೊಂಡು, ಪ್ಲಗಿನ್ಸ್ ಮೆನುವಿನ ಮ್ಯಾನೇಜ್ ಪ್ಲಗಿನ್ಸ್‌ನಲ್ಲಿ ಆಡ್ ಪ್ಲಗಿನ್ ಒತ್ತಿ ಆರಿಸಿ. ಬಿಚ್ಚಿದ ಫೋಲ್ಡರ್ ಕೊಟ್ಟರೆ ಅದು ತೆಗೆದುಕೊಳ್ಳುವುದಿಲ್ಲ. ಈ ದಾರಿಯಲ್ಲಿ ಶೈಲಿಗಳು ಶೀರ್ಷಿಕೆ ಟ್ಯಾಗುಗಳಾಗಿ ಬರುತ್ತವೆ, ವರ್ಡ್‌ನ ಕಸ ಬರುವುದಿಲ್ಲ. ವರ್ಡ್‌ನಲ್ಲಿ ವೆಬ್ ಪುಟವಾಗಿ ಉಳಿಸಿ ತರುವ ಅಭ್ಯಾಸವಿದ್ದರೆ ಬಿಡಿ. ಪ್ರತಿ ಪ್ಯಾರಾಕ್ಕೂ ಹತ್ತಾರು ಶೈಲಿ ಸೂಚನೆಗಳು ಅಂಟಿಕೊಂಡು ಬಂದು, ಅವನ್ನು ಕೀಳುವುದರಲ್ಲೇ ದಿನ ಹೋಗುತ್ತದೆ.

ಆಮದಾದ ತಕ್ಷಣ ಪುಸ್ತಕ ಉಳಿಸಿ, ಚೆಕ್‌ಪಾಯಿಂಟ್ಸ್ ಮೆನುವಿನಿಂದ ಮೊದಲ ಚೆಕ್‌ಪಾಯಿಂಟ್ ಮಾಡಿ. ಹೊಸ ಸಿಜಿಲ್‌ನ ಅತ್ಯಂತ ಉಪಯುಕ್ತ ಸೌಲಭ್ಯ ಇದೇ ಎನ್ನಬೇಕು. ಪುಸ್ತಕದ ಅಂದಿನ ಸ್ಥಿತಿಯನ್ನು ಹಾಗೇ ಕಾದಿಡುತ್ತದೆ, ಬೇಕೆಂದಾಗ ಅದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ತೋರಿಸುತ್ತದೆ, ಪೂರ್ತಿ ಹಿಂದಕ್ಕೂ ಒಯ್ಯುತ್ತದೆ. ಎಲ್ಲ ಫೈಲುಗಳಲ್ಲಿ ಒಮ್ಮೆಲೇ ಬದಲಿಸಿದ್ದನ್ನು ಸಾಮಾನ್ಯ ಅನ್‌ಡೂ ಹಿಂದಕ್ಕೆ ತಾರದು, ಚೆಕ್‌ಪಾಯಿಂಟ್ ತರುತ್ತದೆ. ಪುಸ್ತಕದ ಗುರುತಿನ ಸಂಖ್ಯೆಗೆ ಇವು ಕಟ್ಟಿಕೊಂಡಿರುವುದರಿಂದ ಮೆಟಾಡೇಟಾದಲ್ಲಿ ಆ ಸಂಖ್ಯೆಯನ್ನು ನಡುವೆ ಬದಲಿಸಬೇಡಿ. ಬದಲಿಸಿದರೆ ಹಳೆಯ ಚೆಕ್‌ಪಾಯಿಂಟುಗಳು ಈ ಪುಸ್ತಕದವೆಂದು ಸಿಜಿಲ್‌ಗೆ ತಿಳಿಯುವುದಿಲ್ಲ.

ಕನ್ನಡ ಪಠ್ಯದ ಶುದ್ಧಿ

ಮೊದಲು ಟೂಲ್ಸ್ ಮೆನುವಿನ ರಿಪೋರ್ಟ್ಸ್ ತೆರೆದು, ಎಚ್‌ಟಿಎಂಎಲ್ ಫೈಲುಗಳಲ್ಲಿರುವ (ಪುಸ್ತಕದ ಪಠ್ಯ ಇರುವುದು ಇವುಗಳಲ್ಲೇ) ಅಕ್ಷರಗಳ ಪಟ್ಟಿ ನೋಡಿ. ಪುಸ್ತಕದಲ್ಲಿ ಬಳಕೆಯಾದ ಪ್ರತಿ ಅಕ್ಷರಸಂಕೇತವೂ ಅಲ್ಲಿದೆ. ಕನ್ನಡದ ಅಕ್ಷರಗಳು, ವಿರಾಮ ಚಿಹ್ನೆಗಳು, ಅಂಕಿಗಳು, ಮುಂದೆ ಹೇಳುವ ಕಣ್ಣಿಗೆ ಕಾಣದ ಜಾಯ್ನರ್ ಮತ್ತು ನಾನ್-ಜಾಯ್ನರ್, ನೀವೇ ಮರಳಿಸಿದ ಇಂಗ್ಲಿಷ್ ಬಿಟ್ಟು ಬೇರೇನಾದರೂ ಕಂಡರೆ ಅದು ಪರಿವರ್ತನೆಯ ಶೇಷ. ಮೇಲೆ ಚುಕ್ಕೆಯಿರುವ ಯುರೋಪಿನ ಅಕ್ಷರಗಳು, ಕಾಪಿರೈಟ್ ಚಿಹ್ನೆಯಂಥವು ಕಂಡರೆ ಆಯಾ ಅಕ್ಷರವನ್ನು ನಕಲಿಸಿ ಹುಡುಕಿ, ಅಚ್ಚಿನ ಪ್ರತಿ ನೋಡಿ ತಿದ್ದಿ.

ಮುಂದಿನದಕ್ಕೆ ಕಂಟ್ರೋಲ್+ಎಫ್ ಒತ್ತಿ ಹುಡುಕುವ ಪಟ್ಟಿ ತೆರೆಯಿರಿ. ಬಗೆ ರೆಜೆಕ್ಸ್ (ಸೂತ್ರ ಕೊಟ್ಟು ಹುಡುಕುವ ವಿಧಾನ) ಇರಲಿ, ವ್ಯಾಪ್ತಿ ಎಲ್ಲ ಎಚ್‌ಟಿಎಂಎಲ್ ಫೈಲುಗಳು ಇರಲಿ. ವ್ಯಾಪ್ತಿ ಬದಲಿಸದೆ ಒಂದೇ ಫೈಲಿನಲ್ಲಿ ಬದಲಾಯಿಸಿ ಕೆಲಸ ಮುಗಿಯಿತೆಂದುಕೊಳ್ಳುವುದು ಸಾಮಾನ್ಯ ತಪ್ಪು.

ಸೊನ್ನೆಯ ಗೊಂದಲದಿಂದ ಶುರುಮಾಡಿ. ಅನುಸ್ವಾರ ‘ಂ’ ಮತ್ತು ಕನ್ನಡ ಅಂಕಿ ‘೦’ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ‘ಸ೦ಸ್ಕೃತಿ’ ಎಂದಿದ್ದರೆ ಓದುಗರು ‘ಸಂಸ್ಕೃತಿ’ ಎಂದು ಹುಡುಕಿದಾಗ ಸಿಗುವುದಿಲ್ಲ, ಓದಿ ಹೇಳುವ ತಂತ್ರಾಂಶ ಅದನ್ನು ಅಂಕಿಯಾಗಿ ಓದುತ್ತದೆ. ಹುಡುಕುವ ಜಾಗದಲ್ಲಿ ಹೀಗೆ ಹಾಕಿ:

([ಅ-ೌ])೦

ಬದಲಿಸುವ ಜಾಗದಲ್ಲಿ:

\1ಂ

ಅಕಾರದಿಂದ ಔತ್ವದ ಚಿಹ್ನೆಯವರೆಗಿನ ಯಾವುದೇ ಅಕ್ಷರ ಮುಗಿದ ಕೂಡಲೇ ಅಂಕಿಯ ಸೊನ್ನೆ ಬಂದರೆ ಅದು ಅನುಸ್ವಾರವಾಗುತ್ತದೆ. ಇದರ ತಿರುಗುಮುರುಗು ತಪ್ಪೂ ಇರುತ್ತದೆ, ‘೨ಂ’ ಎಂಬಂತೆ. ಅದಕ್ಕೆ ([೦-೯])ಂ ಹುಡುಕಿ \1೦ ಹಾಕಿ. ಇಂಗ್ಲಿಷ್ ಅಂಕಿಯ ಸೊನ್ನೆಯನ್ನು ಅನುಸ್ವಾರವಾಗಿ ಬಳಸಿದವರೂ ಇದ್ದಾರೆ, ([ಅ-ೌ])0 ಎಂದು ಒಮ್ಮೆ ಎಣಿಸಿ ನೋಡಿ. ಬದಲಿಸುವ ಮುನ್ನ ಕೌಂಟ್ ಆಲ್ ಒತ್ತುವ ರೂಢಿ ಇಟ್ಟುಕೊಳ್ಳಿ. ಹತ್ತು ನಿರೀಕ್ಷಿಸಿದ ಕಡೆ ಸಾವಿರ ಬಂದರೆ ಸೂತ್ರ ತಪ್ಪಿದೆ ಎಂದರ್ಥ.

ಎರಡನೆಯದು ಒಂಟಿ ದೀರ್ಘ. ಯೂನಿಕೋಡಿನಲ್ಲಿ ‘ೕ’ ಎಂಬ ದೀರ್ಘಚಿಹ್ನೆಗೆ ಬೇರೆ ಸಂಕೇತವಿದೆ, ಆದರೆ ಶುದ್ಧ ಪಠ್ಯದಲ್ಲಿ ಅದು ಒಂಟಿಯಾಗಿ ಇರಬಾರದು. ‘ೀ’, ‘ೇ’, ‘ೋ’ ಇವುಗಳೊಳಗೆ ಬೆರೆತಿರಬೇಕು. ಅದನ್ನೂ, ಐತ್ವದ ಬಾಲವಾದ ‘ೖ’ ಅನ್ನೂ ಹುಡುಕಿ. ಎಣಿಕೆ ಸೊನ್ನೆ ಬರಬೇಕು. ಬರದಿದ್ದರೆ ಪರಿವರ್ತಕ ಗುಡಿಸನ್ನೋ ಎತ್ವವನ್ನೋ ನುಂಗಿದೆ. ಇಲ್ಲಿ ಎಲ್ಲವನ್ನೂ ಒಮ್ಮೆಲೇ ಬದಲಿಸಲಾಗದು, ಏಕೆಂದರೆ ‘ಕೕ’ ಎಂದಿರುವುದು ‘ಕೀ’ ಇರಬಹುದು, ‘ಕೇ’ ಇರಬಹುದು. ಒಂದೊಂದನ್ನೂ ನೋಡಬೇಕು.

ಮೂರನೆಯದಕ್ಕೆ ಹೆಚ್ಚು ತಾಳ್ಮೆ ಬೇಕು. ‘ಬ್ಯಾಂಕ್‌ಗಳು’, ‘ಸಾಫ್ಟ್‌ವೇರ್’, ‘ಬಸ್‌ನಲ್ಲಿ’ ಇವುಗಳಲ್ಲಿ ಅರ್ಧಾಕ್ಷರ ಮುಂದಿನದಕ್ಕೆ ಒತ್ತಾಗದಂತೆ ತಡೆಯುವ ಕಣ್ಣಿಗೆ ಕಾಣದ ಅಕ್ಷರವೊಂದಿದೆ, ಶೂನ್ಯ ಅಗಲದ ನಾನ್-ಜಾಯ್ನರ್. ಯೂನಿಕೋಡಿನಲ್ಲಿ ಅದರ ದಶಮಾಂಶ ಸಂಖ್ಯೆ 8204. ಪರಿವರ್ತನೆಯಲ್ಲಿ ಇದು ಬಿದ್ದುಹೋದರೆ ‘ಬ್ಯಾಂಕ್ಗಳು’, ‘ಬಸ್ನಲ್ಲಿ’ ಎಂದಾಗಿ ಓದು ಮುಗ್ಗರಿಸುತ್ತದೆ. ಪ್ರತ್ಯಯಗಳನ್ನು ಹಿಡಿದು ಹುಡುಕಬೇಕು: ‘್ಗಳ’, ‘್ನಲ್ಲಿ’, ‘್ನಿಂದ’, ‘್ಗೆ’. ಆದರೆ ಕಣ್ಣು ಮುಚ್ಚಿ ಬದಲಿಸಿದರೆ ಅನಾಹುತ. ‘ನಿರರ್ಗಳ’ದಲ್ಲಿ ‘್ಗಳ’ ಇದೆ, ‘ಅಗ್ಗಳ’ದಲ್ಲೂ ಇದೆ. ‘ನನ್ನಲ್ಲಿ’, ‘ನಿನ್ನಲ್ಲಿ’ಗಳಲ್ಲಿ ‘್ನಲ್ಲಿ’ ಇದೆ. ‘ಬೆಳಗ್ಗೆ’, ‘ಬಗ್ಗೆ’, ‘ಮೊಗ್ಗೆ’ಗಳಲ್ಲಿ ‘್ಗೆ’ ಇದೆ. ಆದ್ದರಿಂದ ಸರ್ಚ್ ಮೆನುವಿನ ಡ್ರೈ ರನ್ ರಿಪ್ಲೇಸ್ ಬಳಸಿ. ಏನು ಏನಾಗುತ್ತದೆ ಎಂಬ ಪಟ್ಟಿಯನ್ನು ಮೊದಲೇ ತೋರಿಸುತ್ತದೆ, ಫೈಲು ಮುಟ್ಟುವುದಿಲ್ಲ. ಬೇಕಾದ ಸಾಲುಗಳನ್ನಷ್ಟೇ ಉಳಿಸಿಕೊಂಡು ಬದಲಿಸುವ ಸೌಲಭ್ಯವೂ ಹೊಸ ಆವೃತ್ತಿಗಳಲ್ಲಿದೆ. ಆ ಕಾಣದ ಅಕ್ಷರವನ್ನು ಬದಲಿಸುವ ಜಾಗಕ್ಕೆ ತರಲು, ಸರಿಯಾಗಿರುವ ಒಂದು ಪದದ ನಡುವಿನಿಂದ ನಕಲಿಸುವುದು ಸುಲಭ.

‘ರ‍್ಯಾಲಿ’, ‘ರ‍್ಯಾಂಕ್’ ಇವೂ ಇದೇ ಜಾತಿಯವು, ಆದರೆ ಇಲ್ಲಿ ಬೇಕಾದದ್ದು ಜಾಯ್ನರ್, ಸಂಖ್ಯೆ 8205. ರಕಾರದ ನಂತರ, ಅರ್ಧಚಿಹ್ನೆಗೆ ಮೊದಲು ಅದು ಕೂರಬೇಕು. ಇಲ್ಲದಿದ್ದರೆ ಅರ್ಕಾವತ್ತಾಗಿ ‘ರ್ಯಾಲಿ’ ಎಂದು ಕಾಣುತ್ತದೆ.

ಹಳೆಯ ಕಾವ್ಯವಿದ್ದರೆ ದಂಡಗಳನ್ನು ನೋಡಿ. ಕೀಲಿಮಣೆಯ ನೆಟ್ಟಗೆರೆಯನ್ನೇ ದಂಡವಾಗಿ ಒತ್ತಿರುತ್ತಾರೆ. ‘।’ ಮತ್ತು ‘॥’ ಎಂಬ ಸರಿಯಾದ ಚಿಹ್ನೆಗಳಿಗೆ ಬದಲಿಸಿ, ಎರಡು ಗೆರೆಯದನ್ನು ಮೊದಲು, ಒಂದು ಗೆರೆಯದನ್ನು ಆಮೇಲೆ. ನೆಟ್ಟಗೆರೆಗೆ ರೆಜೆಕ್ಸ್‌ನಲ್ಲಿ ಬೇರೆ ಅರ್ಥವಿರುವುದರಿಂದ ಈ ಕೆಲಸಕ್ಕೆ ಬಗೆಯನ್ನು ನಾರ್ಮಲ್ ಮಾಡಿಕೊಳ್ಳಿ.

ಕಾಗುಣಿತ ಪರೀಕ್ಷೆಗೆ ಸಿಜಿಲ್ ಹನ್‌ಸ್ಪೆಲ್ ನಿಘಂಟುಗಳನ್ನು ಬಳಸುತ್ತದೆ. ಕನ್ನಡದ ಹನ್‌ಸ್ಪೆಲ್ ಫೈಲುಗಳನ್ನು ಸಿಜಿಲ್‌ನ ಪ್ರಿಫರೆನ್ಸಸ್ ಫೋಲ್ಡರಿನೊಳಗಿನ ನಿಘಂಟು ಫೋಲ್ಡರಿಗೆ ಹಾಕಬಹುದು. ಆದರೆ ವಿಭಕ್ತಿ, ಸಂಧಿ, ಬಹುವಚನ ಎಲ್ಲ ಸೇರಿ ಬೆಳೆಯುವ ನಮ್ಮ ಪದಗಳಲ್ಲಿ ಸರಿಯಾದವಕ್ಕೂ ಅದು ಕೆಂಪು ಗೆರೆ ಎಳೆಯುತ್ತದೆ. ಸ್ಪೆಲ್‌ಚೆಕ್ ಎಡಿಟರನ್ನು ಬೇರೆ ರೀತಿಯಲ್ಲಿ ಬಳಸಿ: ಎಲ್ಲ ಪದಗಳನ್ನೂ ತೋರಿಸುವಂತೆ ಮಾಡಿ ಅಕಾರಾದಿಯಾಗಿ ಜೋಡಿಸಿ. ‘ಹಳ್ಳಿಯಲ್ಲಿ’ ನಲವತ್ತು ಸಲ, ಅದರ ಪಕ್ಕದಲ್ಲೇ ‘ಹಳ್ಳಿಯಲಿ’ ಒಂದೇ ಸಲ ಇದ್ದರೆ ತಪ್ಪು ತಾನಾಗಿ ಎದ್ದು ಕಾಣುತ್ತದೆ. ಕರಡು ತಿದ್ದುವವರಿಗೆ ಈ ಪಟ್ಟಿ ಯಾವ ನಿಘಂಟಿಗಿಂತಲೂ ಹೆಚ್ಚು ನೆರವಾಗುತ್ತದೆ.

ಈ ಸೂತ್ರಗಳನ್ನೆಲ್ಲ ಸೇವ್ಡ್ ಸರ್ಚಸ್‌ನಲ್ಲಿ ಒಂದು ಗುಂಪಾಗಿ ಉಳಿಸಿ. ಎರಡನೆಯ ಪುಸ್ತಕಕ್ಕೆ ಅವು ಸಿದ್ಧವಿರುತ್ತವೆ. ಸುರಕ್ಷಿತವಾದವನ್ನು, ಅಂದರೆ ಸೊನ್ನೆ ಮತ್ತು ದಂಡದವನ್ನು, ಆಟೊಮೇಟ್ ಪಟ್ಟಿಗೆ ಸೇರಿಸಿ ಒಂದೇ ಗುಂಡಿಗೆ ಕಟ್ಟಬಹುದು. ಪ್ರತ್ಯಯದ ಸೂತ್ರಗಳನ್ನು ಮಾತ್ರ ಎಂದೂ ಅಲ್ಲಿಗೆ ಸೇರಿಸಬೇಡಿ.

ಅಧ್ಯಾಯ, ಪರಿವಿಡಿ

ಇಡೀ ಪುಸ್ತಕ ಒಂದೇ ಫೈಲಿನಲ್ಲಿದ್ದರೆ ಹಳೆಯ ಫೋನುಗಳಲ್ಲಿ ಪುಟ ತಿರುಗುವುದು ನಿಧಾನ. ಪ್ರತಿ ಹೆಡಿಂಗ್ 1ರ ಮುಂದೆ ಕಂಟ್ರೋಲ್+ಶಿಫ್ಟ್+ಎಂಟರ್ ಒತ್ತಿ ಗುರುತು ಹಾಕುತ್ತ ಹೋಗಿ, ಕೊನೆಗೆ ಎಫ್6 ಒತ್ತಿದರೆ ಎಲ್ಲವೂ ಬೇರೆ ಬೇರೆ ಫೈಲಾಗುತ್ತವೆ. ಪುಸ್ತಕದ ಫೈಲುಗಳನ್ನು ತೋರಿಸುವ ಬುಕ್ ಬ್ರೌಸರ್‌ನಲ್ಲಿ ಎಲ್ಲವನ್ನೂ ಆರಿಸಿ ರಿನೇಮ್ ಮಾಡಿದರೆ ಕ್ರಮಸಂಖ್ಯೆಯ ಹೆಸರುಗಳು ಬರುತ್ತವೆ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ, ಖಾಲಿ ಜಾಗವಿಲ್ಲದೆ ಇರಲಿ.

ಕಂಟ್ರೋಲ್+ಟಿ ಒತ್ತಿದರೆ ಶೀರ್ಷಿಕೆಗಳಿಂದ ಪರಿವಿಡಿ ತಯಾರಾಗುತ್ತದೆ. ‘1’ ಎಂಬ ಅಧ್ಯಾಯ ಸಂಖ್ಯೆ ಮೇಲೆ, ಹೆಸರು ಕೆಳಗೆ ಇರುವ ಶೀರ್ಷಿಕೆಗಳು ಪರಿವಿಡಿಯಲ್ಲಿ ಅಂಟಿಕೊಂಡು ಕಾಣಬಹುದು. ಆಗ ಆ ಶೀರ್ಷಿಕೆ ಟ್ಯಾಗಿಗೆ ಟೈಟಲ್ ಗುಣ ಸೇರಿಸಿ ಬೇಕಾದ ರೂಪ ಬರೆಯಿರಿ, ಸಿಜಿಲ್ ಅದನ್ನೇ ಬಳಸುತ್ತದೆ. ಹಳೆಯ ಓದುಯಂತ್ರಗಳಿಗಾಗಿ ಎನ್‌ಸಿಎಕ್ಸ್ ಎಂಬ ಹಳೆಯ ಬಗೆಯ ಪರಿವಿಡಿ ಕೂಡ ಬೇಕೆಂದರೆ ಟೂಲ್ಸ್‌ನ ಇಪಬ್ 3 ವಿಭಾಗದಲ್ಲಿ ಒಂದೇ ಕ್ಲಿಕ್.

ಶೈಲಿ: ಕನ್ನಡಕ್ಕೆ ಹೊಂದುವಂತೆ

ಪುಟದ ರೂಪ ಹೇಳುವ ಸಿಎಸ್‌ಎಸ್ ಫೈಲು ಒಂದೇ ಸಾಕು. ಬುಕ್ ಬ್ರೌಸರ್‌ನಲ್ಲಿ ಎಲ್ಲ ಅಧ್ಯಾಯಗಳನ್ನು ಆರಿಸಿ ಬಲಕ್ಲಿಕ್ ಮಾಡಿ ಲಿಂಕ್ ಸ್ಟೈಲ್‌ಶೀಟ್ಸ್‌ನಿಂದ ಜೋಡಿಸಿ.

ಸಾಲಿನ ಎತ್ತರ 1.6 ಇರಲಿ. ಇಂಗ್ಲಿಷ್ ಪುಸ್ತಕದ 1.2 ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ರಾಷ್ಟ್ರ’, ‘ಸ್ತ್ರೀ’ಯಂಥ ಎರಡು ಒತ್ತಿನ ಪದಗಳಲ್ಲಿ ಇನ್ನೂ ಹೆಚ್ಚು. ಪ್ಯಾರಾದ ಮೊದಲ ಸಾಲಿನ ಒಳಸರಿತ 1.2 ಇಎಂ (ಅಕ್ಷರದ ಗಾತ್ರವನ್ನೇ ಆಧರಿಸಿದ ಅಳತೆ) ಚೆನ್ನ.

ಎರಡೂ ಅಂಚು ಸಮ ಮಾಡುವ ಆಸೆ ಬೇಡ. ಕನ್ನಡದ ಪದಗಳು ಉದ್ದ, ಪದ ಒಡೆಯುವ ವ್ಯವಸ್ಥೆ ಎಲ್ಲ ಓದುತಂತ್ರಾಂಶಗಳಲ್ಲಿ ಇಲ್ಲ, ಫೋನಿನ ಪರದೆ ಕಿರಿದು. ಸಾಲಿಗೆ ಮೂರು ಪದ ಕೂತು ನಡುವೆ ದೊಡ್ಡ ಬಿರುಕುಗಳು ಬೀಳುತ್ತವೆ. ಎಡ ಅಂಚಿಗೆ ಹೊಂದಿಸಿದ್ದೇ ಓದಲು ಹಿತ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಲೆಟರ್-ಸ್ಪೇಸಿಂಗ್ ಕನ್ನಡಕ್ಕೆ ಹಾಕಲೇಬಾರದು. ಇಟಾಲಿಕ್ ಕೂಡ ನಮ್ಮ ಲಿಪಿಯದಲ್ಲ, ತಂತ್ರಾಂಶ ಅಕ್ಷರವನ್ನು ಸುಮ್ಮನೆ ಓರೆ ಮಾಡಿ ವಿಕಾರಗೊಳಿಸುತ್ತದೆ. ಒತ್ತು ಕೊಡಬೇಕಾದ ಕಡೆ ದಪ್ಪಕ್ಷರ ಅಥವಾ ಉದ್ಧರಣ ಚಿಹ್ನೆ ಬಳಸಿ. ಅಧ್ಯಾಯದ ಮೊದಲ ಅಕ್ಷರವನ್ನು ದೊಡ್ಡದಾಗಿಸುವುದಿದ್ದರೆ ಸಿಎಸ್‌ಎಸ್‌ನ ಮೊದಲಕ್ಷರ ಸೂಚನೆಯನ್ನು ನಂಬಬೇಡಿ. ‘ಕ್ಷ’ವನ್ನು ಕೆಲವು ತಂತ್ರಾಂಶಗಳು ಸೀಳಿಬಿಡುತ್ತವೆ, ಪೂರ್ತಿ ಅಕ್ಷರವನ್ನು ಸ್ಪ್ಯಾನ್ ಟ್ಯಾಗಿನಲ್ಲಿ ಕೈಯಾರೆ ಸುತ್ತಿ.

ವಚನ, ಕವಿತೆಗಳಲ್ಲಿ ಪ್ರತಿ ಸಾಲನ್ನೂ ಬೇರೆ ಪ್ಯಾರಾ ಮಾಡಿ, ಎಡಕ್ಕೆ 1.5 ಇಎಂ ಪ್ಯಾಡಿಂಗ್, ಮೊದಲ ಸಾಲಿಗೆ ಋಣ 1.5 ಇಎಂ ಒಳಸರಿತ ಕೊಡಿ. ಸಾಲು ಪರದೆಗೆ ಹಿಡಿಸದೆ ಮುರಿದಾಗ ಉಳಿದ ತುಂಡು ಒಳಗೆ ಸರಿದು ಕೂರುತ್ತದೆ. ಅದು ಹೊಸ ಸಾಲಲ್ಲ, ಹಿಂದಿನದರ ಮುಂದುವರಿಕೆ ಎಂದು ಓದುಗರಿಗೆ ತಿಳಿಯುತ್ತದೆ.

ಫಾಂಟ್ ಒಳಗಿಡುವುದು

ಫೋನಿನಲ್ಲಿ ಕನ್ನಡ ಫಾಂಟ್ ಇದ್ದೇ ಇರುತ್ತದೆ. ಆದರೂ ಪುಸ್ತಕದ ರೂಪ ಎಲ್ಲೆಡೆ ಒಂದೇ ಇರಬೇಕೆಂದರೆ ಮುಕ್ತ ಪರವಾನಗಿಯ ನೋಟೊ ಸೆರಿಫ್ ಕನ್ನಡ ಅಥವಾ ಟಿರೊ ಕನ್ನಡ ಒಳಗಿಡಬಹುದು. ಎರಡಕ್ಕೂ ಎಸ್‌ಐಎಲ್‌ನ ಮುಕ್ತ ಫಾಂಟ್ ಪರವಾನಗಿ ಇದೆ. ವಿಂಡೋಸ್ ಜೊತೆ ಬರುವ ತುಂಗಾ, ನಿರ್ಮಲಾ ಫಾಂಟುಗಳನ್ನು ಹೀಗೆ ಹಂಚುವಂತಿಲ್ಲ.

ಬುಕ್ ಬ್ರೌಸರ್‌ನಲ್ಲಿ ಬಲಕ್ಲಿಕ್ ಮಾಡಿ ಫಾಂಟ್ ಫೈಲು ಸೇರಿಸಿ, ಸಿಎಸ್‌ಎಸ್‌ನಲ್ಲಿ ಫಾಂಟ್-ಫೇಸ್ ನಿಯಮ ಬರೆದು, ಬಾಡಿ ಟ್ಯಾಗಿಗೆ ಆ ಹೆಸರು ಕೊಡಿ. ಫಾಂಟ್ ಕಾಣದಿದ್ದರೆ ಹತ್ತರಲ್ಲಿ ಒಂಬತ್ತು ಸಲ ದಾರಿ ತಪ್ಪಿರುತ್ತದೆ. ಸಿಎಸ್‌ಎಸ್ ಒಂದು ಫೋಲ್ಡರಿನಲ್ಲಿ, ಫಾಂಟ್ ಪಕ್ಕದ ಫೋಲ್ಡರಿನಲ್ಲಿ ಇರುವುದರಿಂದ ಎರಡು ಚುಕ್ಕೆ ಹಾಕಿ ಮೇಲೆ ಹೋಗಿ ಆಮೇಲೆ ಇಳಿಯಬೇಕು. ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರವೂ ತಾಳೆಯಾಗಬೇಕು, ವಿಂಡೋಸ್ ಇದನ್ನು ಕ್ಷಮಿಸಿದರೂ ಫೋನು ಕ್ಷಮಿಸದು. ಆಪಲ್ ಬುಕ್ಸ್‌ನಲ್ಲಿ ಮಾತ್ರ ಫಾಂಟ್ ಬರದಿದ್ದರೆ, ಪುಸ್ತಕದ ವಿವರ ಮತ್ತು ಫೈಲುಗಳ ಪಟ್ಟಿಯಿರುವ ಒಪಿಎಫ್ ಫೈಲಿನಲ್ಲಿ ಐಬುಕ್ಸ್‌ನ ಸ್ಪೆಸಿಫೈಡ್-ಫಾಂಟ್ಸ್ ಎಂಬ ಮೆಟಾ ಸೇರಿಸಿ ಟ್ರೂ ಎಂದು ಕೊಡಬೇಕು. ಗಾತ್ರ ಇಳಿಸಲೆಂದು ಫಾಂಟನ್ನು ಸಾಮಾನ್ಯ ಸಬ್‌ಸೆಟ್ ಸಾಧನದಿಂದ ಕತ್ತರಿಸಬೇಡಿ. ಒತ್ತಕ್ಷರಗಳ ಆಕಾರಗಳಿಗೆ ಸ್ವಂತ ಯೂನಿಕೋಡ್ ಸಂಕೇತ ಇಲ್ಲ. ಅವನ್ನು ಅನವಶ್ಯವೆಂದು ತಿಳಿದು ಸಾಧನ ಕಿತ್ತುಹಾಕಬಹುದು.

ಮುಖಪುಟ, ಚಿತ್ರ, ಅಡಿಟಿಪ್ಪಣಿ

ಆಫ್‌ಸೆಟ್ ಮುದ್ರಣಕ್ಕೆ ಮಾಡಿದ ಮುಖಪುಟ ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಬಣ್ಣದಲ್ಲಿರುತ್ತದೆ. ಹಾಗೇ ಹಾಕಿದರೆ ಕೆಲವು ಓದುಯಂತ್ರಗಳಲ್ಲಿ ಬಣ್ಣ ಕೆಡುತ್ತದೆ, ಕೆಲವದರಲ್ಲಿ ಕಾಣುವುದೇ ಇಲ್ಲ. ಗಿಂಪ್ ಅಥವಾ ಕ್ರಿತಾದಲ್ಲಿ ಪರದೆಯ ಬಣ್ಣವಾದ ಆರ್‌ಜಿಬಿಗೆ ತಂದು 1600 ಅಗಲ, 2560 ಎತ್ತರದ ಪಿಕ್ಸೆಲ್‌ಗಳ ಜೆಪೆಗ್ ಮಾಡಿ. ಬೆನ್ನು ಮತ್ತು ಹಿಂಬದಿ ಕತ್ತರಿಸುವುದು ಮರೆಯಬೇಡಿ. ಟೂಲ್ಸ್‌ನ ಆಡ್ ಕವರ್ ಉಳಿದದ್ದನ್ನು ಮಾಡುತ್ತದೆ. ಒಳಚಿತ್ರಗಳಿಗೆ ಪರ್ಯಾಯ ಪಠ್ಯವನ್ನು ಕನ್ನಡದಲ್ಲೇ ಬರೆಯಿರಿ.

ಅಡಿಟಿಪ್ಪಣಿಗೆ ಇಪಬ್ 3ರ ನೋಟ್‌ರೆಫ್ ಮತ್ತು ಫುಟ್‌ನೋಟ್ ಗುರುತು ಬಳಸಿದರೆ, ಬೆಂಬಲಿಸುವ ತಂತ್ರಾಂಶಗಳಲ್ಲಿ ಟಿಪ್ಪಣಿ ಅಲ್ಲೇ ಪುಟಿದು ಬರುತ್ತದೆ. ಈ ಕೋಡ್ ತುಣುಕನ್ನು ಕ್ಲಿಪ್ಸ್‌ನಲ್ಲಿ ಉಳಿಸಿಟ್ಟರೆ ಪ್ರತಿ ಸಲ ಬರೆಯಬೇಕಿಲ್ಲ, ಗುರುತಿನ ಸಂಖ್ಯೆ ಮಾತ್ರ ಬದಲಿಸಿದರಾಯಿತು.

ಮೆಟಾಡೇಟಾ

ಎಫ್8 ಒತ್ತಿ. ಶೀರ್ಷಿಕೆ, ಲೇಖಕರು, ಭಾಷೆ, ಪ್ರಕಾಶಕರು, ಅನುವಾದವಾದರೆ ಅನುವಾದಕರ ಪಾತ್ರ. ಭಾಷೆ ಇಂಗ್ಲಿಷ್ ಎಂದೇ ಉಳಿದುಬಿಡುವುದು ಕನ್ನಡ ಇಪಬ್‌ಗಳಲ್ಲಿ ತುಂಬ ಕಾಣುವ ದೋಷ. ಆಗ ಓದಿ ಹೇಳುವ ತಂತ್ರಾಂಶ ಇಂಗ್ಲಿಷ್ ಧ್ವನಿಯಿಂದ ಕನ್ನಡ ಓದಲು ಹೋಗಿ ಮೂಕವಾಗುತ್ತದೆ. ಮೆಟಾಡೇಟಾದ ಜೊತೆಗೆ ಪ್ರತಿ ಫೈಲಿನ ಎಚ್‌ಟಿಎಂಎಲ್ ಟ್ಯಾಗಿನಲ್ಲೂ ಭಾಷೆ ಕನ್ನಡ ಎಂದಿರಲಿ, ನಡುವಿನ ಇಂಗ್ಲಿಷ್ ವಾಕ್ಯಗಳಿಗೆ ಬೇರೆ ಗುರುತು ಇರಲಿ. ಕಣ್ಣು ಕಾಣದವರು ನಮ್ಮ ಪುಸ್ತಕ ಕೇಳುವುದು ಇದೊಂದು ಗುಣದ ಮೇಲೆ ನಿಂತಿದೆ. ಆಕ್ಸೆಸ್-ಏಡ್ ಪ್ಲಗಿನ್ ಉಳಿದ ಸುಗಮ್ಯತಾ ವಿವರಗಳನ್ನು ತುಂಬಲು ನೆರವಾಗುತ್ತದೆ.

ಇ-ಪುಸ್ತಕಕ್ಕೆ ಅಚ್ಚಿನ ಪ್ರತಿಯ ಐಎಸ್‌ಬಿಎನ್ ಹಾಕುವಂತಿಲ್ಲ, ಬೇರೆಯದೇ ಬೇಕು. ಭಾರತದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಹಳೆಯ ಲೇಖಕರ ಪುಸ್ತಕವಾದರೆ ಹಕ್ಕು ನೋಡಿಕೊಳ್ಳಿ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಳೆದಿರಬೇಕು.

ಪರೀಕ್ಷೆ

ಎಫ್7 ಒತ್ತಿ ಟ್ಯಾಗುಗಳು ಸರಿಯಾಗಿ ಮುಚ್ಚಿವೆಯೇ ನೋಡಿ. ಆಮೇಲೆ ಇಪಬ್ ನಿಯಮದಂತಿದೆಯೇ ಎಂದು ಪರೀಕ್ಷಿಸುವ ಇಪಬ್‌ಚೆಕ್ ಪ್ಲಗಿನ್ ಓಡಿಸಿ, ಅದಕ್ಕೆ ಜಾವಾ ಬೇಕು. ಹೆಚ್ಚಾಗಿ ಬರುವ ದೋಷಗಳು ನಾಲ್ಕು. ಆರ್‌ಎಸ್‌ಸಿ-005 ಬಂದರೆ ಟ್ಯಾಗು ಇರಬಾರದ ಕಡೆ ಇದೆ ಅಥವಾ ಒಂದೇ ಗುರುತು ಎರಡು ಸಲ ಬಂದಿದೆ. ಆರ್‌ಎಸ್‌ಸಿ-007 ಅಂದರೆ ಕರೆದ ಫೈಲು ಇಲ್ಲ, ಸಾಮಾನ್ಯವಾಗಿ ಚಿತ್ರ ಅಥವಾ ಫಾಂಟ್. ಆರ್‌ಎಸ್‌ಸಿ-012 ಅಂದರೆ ಕೊಂಡಿ ಹೋಗಬೇಕಾದ ಗುರುತು ಇಲ್ಲ, ಅಡಿಟಿಪ್ಪಣಿಗಳನ್ನು ಹುಡುಕಿ. ಒಪಿಎಫ್-014 ಬಂದರೆ ಟೂಲ್ಸ್‌ನ ಅಪ್‌ಡೇಟ್ ಮ್ಯಾನಿಫೆಸ್ಟ್ ಪ್ರಾಪರ್ಟೀಸ್ ಒತ್ತಿದರೆ ಹೋಗುತ್ತದೆ. ಮೊದಲ ದೋಷವನ್ನು ತಿದ್ದಿ ಮತ್ತೆ ಓಡಿಸಿ, ಎಷ್ಟೋ ಸಲ ಕೆಳಗಿನ ಹತ್ತು ಅದರ ಬಾಲವಷ್ಟೇ. ಬಳಕೆಯಾಗದ ಚಿತ್ರಗಳನ್ನೂ ಶೈಲಿಗಳನ್ನೂ ತೆಗೆಯುವ ಆಜ್ಞೆಗಳು ಅದೇ ಮೆನುವಿನಲ್ಲಿವೆ.

ಪರೀಕ್ಷೆ ಪಾಸಾದ ಪುಸ್ತಕ ಓದಲು ಚೆನ್ನಾಗಿರುತ್ತದೆ ಎಂದೇನಿಲ್ಲ. ಕಂಪ್ಯೂಟರಿನಲ್ಲಿ ಥೋರಿಯಂ ರೀಡರ್, ಆಂಡ್ರಾಯ್ಡ್‌ನಲ್ಲಿ ಗೂಗಲ್ ಪ್ಲೇ ಬುಕ್ಸ್, ಸಾಧ್ಯವಾದರೆ ಐಫೋನಿನಲ್ಲಿ ಆಪಲ್ ಬುಕ್ಸ್, ಮೂರರಲ್ಲೂ ತೆರೆಯಿರಿ. ಅಕ್ಷರವನ್ನು ಅತಿ ದೊಡ್ಡದು ಮಾಡಿ, ರಾತ್ರಿ ಬಣ್ಣ ಹಾಕಿ. ಕಪ್ಪು ಹಿನ್ನೆಲೆಯಲ್ಲಿ ಅಕ್ಷರ ಮಾಯವಾದರೆ ಸಿಎಸ್‌ಎಸ್‌ನಲ್ಲಿ ಎಲ್ಲೋ ಕಪ್ಪು ಬಣ್ಣವನ್ನು ಬಲವಂತವಾಗಿ ಕೊಟ್ಟಿದೆ, ತೆಗೆಯಿರಿ. ‘ಸಂ’ ಇರುವ ಯಾವುದಾದರೂ ಪದ, ‘‌ಗಳು’ ಇರುವ ಯಾವುದಾದರೂ ಪದ ಹುಡುಕಿ ನೋಡಿ. ಒಂದು ಪುಟವನ್ನು ಧ್ವನಿಯಲ್ಲಿ ಓದಿಸಿ ಕೇಳಿ. ಕಣ್ಣು ತಪ್ಪಿಸಿದ ಸೊನ್ನೆಯನ್ನು ಕಿವಿ ಹಿಡಿಯುತ್ತದೆ.

ಬಿಡುಗಡೆಯಾದ ಮೇಲೆ ಓದುಗರು ತಪ್ಪು ತೋರಿಸಿದರೆ ಇಪಬ್‌ನಲ್ಲೇ ತಿದ್ದಿ, ಹಳೆಯ ಪೇಜ್‌ಮೇಕರ್ ಫೈಲಿಗೆ ಮರಳಬೇಡಿ. ತಿದ್ದುವ ಮುನ್ನ ಒಂದು ಚೆಕ್‌ಪಾಯಿಂಟ್ ಮಾಡಿ. ಉಳಿಸಿದಾಗ ಬದಲಾದ ದಿನಾಂಕವನ್ನು ಸಿಜಿಲ್ ತಾನೇ ಬರೆದುಕೊಳ್ಳುತ್ತದೆ. ಗುರುತಿನ ಸಂಖ್ಯೆ ಹಾಗೇ ಇದ್ದರೆ ಅದು ಅದೇ ಪುಸ್ತಕದ ತಿದ್ದಿದ ಪ್ರತಿ ಎಂದು ಇಪಬ್ 3ರ ನಿಯಮದಂತೆ ಗುರುತಾಗುತ್ತದೆ.